ಪೆನ್ನಮ್ಮನಿಗೂ ಒಂದು ವೀಸಾ

ವೀಸಾ ಅರ್ಜಿ ತೆಗೆದುಕೊಳ್ಳುವ ಕಚೇರಿಯ ಎದುರಿಗೆ, ರಸ್ತೆ ದಾಟಿದರೆ, ಒಂದು ಝೆರಾಕ್ಸ್ ಅಂಗಡಿ. ಅದರ ಬಾಗಿಲಲ್ಲೇ ಒಂದು ಮೇಜು. ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್, ಅಂಟಿನ ಬಾಟಲಿ, ಸ್ಟೇಪ್ಲರ್, ಒಂದಡಿ ಉದ್ದದ ಸ್ಟೀಲ್ ಸ್ಕೇಲು. ಮೇಜಿನ ಹಿಂದೆ ಪೆನ್ನಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ತುರುಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡು, ಅದೇ ಪೆನ್ನಿಗಾಗಿ ದಿನಕ್ಕೆ ಹತ್ತು ಸಲ ಮೇಜೆಲ್ಲ ತಡಕಾಡುವವಳನ್ನು ಜನ ಇನ್ನೇನೆಂದು ಕರೆದಾರು?

ವಿದೇಶಕ್ಕೆ ಹೋಗುವವರ ಫಾರಂ ತುಂಬಿಕೊಡುವುದು ಅವಳ ಕಸುಬು. ಅದೇನು ಮಹಾವಿದ್ಯೆ ಎಂದು ಮೂಗು ಮುರಿಯುವವರು ಒಂದು ಸಲ ಕೂತು ತುಂಬಿ ನೋಡಲಿ. ಅಜ್ಜಿ ಹುಟ್ಟಿದ ಊರು ಯಾವುದು ಎಂಬಲ್ಲಿಗೆ ಬರುವಷ್ಟರಲ್ಲಿ ಬೆವರು ಇಳಿದಿರುತ್ತದೆ. ಪೆನ್ನಮ್ಮನ ಮೇಜಿನ ಮುಂದೆ ಕೂತವರಿಗೆ ಮೊದಲು ಮೂರು ಮಾತು ಕಡ್ಡಾಯ. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಗೊತ್ತಿಲ್ಲದ್ದು ಬರೀಬೇಡಿ. ಯಾವ ಮನೇನೂ ಖಾಲಿ ಬಿಡಬೇಡಿ." ಮನೆ ಎಂದರೆ ಫಾರಮಿನಲ್ಲಿ ಉತ್ತರ ಬರೆಯುವ ಚೌಕ. ಬರೆಯಲು ಏನೂ ಇಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆಯಬೇಕು. ಖಾಲಿ ಚೌಕ ಕಂಡರೆ ಅಧಿಕಾರಿಗಳಿಗೆ ಅನುಮಾನ, ಪೆನ್ನಮ್ಮನಿಗೆ ಸಂಕಟ.

ಆಮೇಲೆ ದುಡ್ಡಿನ ಪಾಠ. ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟು ಬೇಕೇ ಬೇಕು. ಅದರಲ್ಲಿ ದುಡ್ಡು ಬಂದು ಹೋಗುತ್ತಾ, ಸಂಸಾರ ನಡೆದ ಹಾಗೆ ಕಾಣಬೇಕು. ಒಬ್ಬ ನಿವೃತ್ತ ಮೇಷ್ಟ್ರು ಭಾವಮೈದುನನ ಹತ್ತಿರ ದೊಡ್ಡ ಮೊತ್ತ ತಂದು, ಅರ್ಜಿ ಹಾಕುವ ಎರಡು ದಿನ ಮುಂಚೆ ಖಾತೆಗೆ ಸುರಿದು, ಎದೆ ಉಬ್ಬಿಸಿಕೊಂಡು ಬಂದಿದ್ದರು. ಪೆನ್ನಮ್ಮ ಫಾರಮನ್ನೇ ಮುಟ್ಟಲಿಲ್ಲ. ಮೇಷ್ಟ್ರೇ, ಈ ದುಡ್ಡು ನಿಮ್ಮದಲ್ಲ ಅಂತ ಈ ಹಾಳೆಯೇ ಕೂಗಿ ಹೇಳ್ತಿದೆ, ವಾಪಸ್ ಕೊಟ್ಟು ಆರು ತಿಂಗಳು ಬಿಟ್ಟು ಬನ್ನಿ ಎಂದಳು. ಮೇಷ್ಟ್ರಿಗೆ ಸಿಟ್ಟು ಬಂತು, ಇನ್ನೊಬ್ಬರ ಹತ್ತಿರ ಹೋದರು, ಅರ್ಜಿ ತಿರಸ್ಕಾರವಾಯಿತು. ಆರು ತಿಂಗಳಿಗೆ ಸರಿಯಾಗಿ ಬಂದು ಬಾಯಿ ಮುಚ್ಚಿಕೊಂಡು ಅದೇ ಕುರ್ಚಿಯಲ್ಲಿ ಕೂತರು.

ವೀಸಾ ಕೈಗೆ ಬಂದವರಿಗೆ ಇನ್ನೊಂದು ಕಂತು. ಚೀಟಿಯ ಮೇಲಿನ ಕೊನೆಯ ದಿನಾಂಕವೇ ಬೇರೆ, ಅಲ್ಲಿ ಇರಬಹುದಾದ ದಿನಗಳ ಲೆಕ್ಕವೇ ಬೇರೆ. ಎರಡನ್ನೂ ಕಲಸಿಕೊಂಡು ಸಿಕ್ಕಿಬೀಳಬೇಡಿ. ದುಡ್ಡೆಲ್ಲ ಒಂದೇ ಕಡೆ ಇಡಬೇಡಿ, ಮೂರು ಕಡೆ ಹಂಚಿಡಿ. ವಿಮಾನ ನಿಲ್ದಾಣದಲ್ಲಿ ಮೊದಲ ದಿನಕ್ಕೆ ಬೇಕಾದಷ್ಟೇ ಬದಲಿಸಿ, ಉಳಿದದ್ದು ಊರೊಳಗೆ. ದರ ಎಷ್ಟು ಅಂತ ಕೇಳಬೇಡಿ, ಎಲ್ಲಾ ಕಳೆದು ನನ್ನ ಕೈಗೆ ಎಷ್ಟು ಬರುತ್ತೆ ಅಂತ ಕೇಳಿ. ಕಾರ್ಡು ಉಜ್ಜುವಾಗ ಮಿಷನ್ನು ನಿಮ್ಮ ದೇಶದ ಲೆಕ್ಕದಲ್ಲೋ ನಮ್ಮ ದೇಶದ ಲೆಕ್ಕದಲ್ಲೋ ಅಂತ ಬಹಳ ಪ್ರೀತಿಯಿಂದ ಕೇಳುತ್ತೆ. ಆ ಪ್ರೀತಿಗೆ ಕರಗಬೇಡಿ, ಅವರ ದೇಶದ್ದನ್ನೇ ಒತ್ತಿ. ಇಷ್ಟೆಲ್ಲ ಹೇಳುವ ಪೆನ್ನಮ್ಮ ಒಂದು ಸಲವೂ ವಿಮಾನ ಹತ್ತಿದವಳಲ್ಲ. ಎಲ್ಲವೂ ಹೋಗಿ ಬಂದವರ ಬಾಯಿಂದ ಕೇಳಿ, ಒಬ್ಬರು ಪೆಟ್ಟು ತಿಂದದ್ದನ್ನು ಇನ್ನೊಬ್ಬರಿಗೆ ಹೇಳಿ ಹೇಳಿ ಕಲಿತದ್ದು.

ಹೋಗಿ ಬಂದವರು ಅವಳ ಹತ್ತಿರ ಯಾಕೆ ಬರುತ್ತಿದ್ದರು ಎಂದರೆ, ಅದಕ್ಕೆ ಅವಳ ಪುಸ್ತಕ ಕಾರಣ. ತುಂಬಿದ ಪ್ರತಿ ಫಾರಮಿಗೂ ಅದರಲ್ಲಿ ಒಂದು ಸಾಲು. ಹೆಸರು, ಹೋಗುವ ದೇಶ, ಹೊರಟ ದಿನ, ಕೊನೆಗೆ ಒಂದು ಖಾಲಿ ಮನೆ. ವಾಪಸ್ ಬಂದವರು ತಾವೇ ಬಂದು, ತಮ್ಮ ಕೈಯಾರೆ ಆ ಮನೆಯಲ್ಲಿ 'ಬಂದೆ' ಎಂದು ಬರೆದು ದಿನಾಂಕ ಹಾಕಬೇಕು. ಬರೆದವರಿಗೆ ಒಂದು ಟೀ ಅವಳ ಖರ್ಚಿನಲ್ಲಿ. ಟೀಗೆ ಆಸೆಪಟ್ಟು ಬಂದವರು ಅರ್ಧ ಗಂಟೆ ಕೂತು ಅಲ್ಲಿನ ಸಮಾಚಾರವನ್ನೆಲ್ಲ ಒದರಿ ಹೋಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಏಳು ಪುಸ್ತಕ ತುಂಬಿದ್ದವು, ಎರಡು ಸಾವಿರದ ಮೇಲೆ ಸಾಲುಗಳು.

ಮೊದಲ ಪುಸ್ತಕದ ಮೊದಲ ಸಾಲು ಅವಳ ಅಕ್ಕನದು. ಪೆನ್ನಮ್ಮನಿಗೆ ಆಗ ಹತ್ತೊಂಬತ್ತು, ಅಕ್ಕನಿಗೆ ಇಪ್ಪತ್ತೆಂಟು. ಅಪ್ಪ ಹೋಗಿ ವರ್ಷವಾಗಿತ್ತು, ಮನೆಯಲ್ಲಿ ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಹೊರದೇಶದ ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಅಕ್ಕನಿಗೆ ಎರಡು ವರ್ಷದ ಕೆಲಸ ಸಿಕ್ಕಿತು. ಅಡುಗೆಮನೆಯ ನೆಲದ ಮೇಲೆ ಕೂತು ತಂಗಿ ಫಾರಂ ತುಂಬಿದಳು. ಅದು ಅವಳು ತುಂಬಿದ ಮೊದಲ ಫಾರಂ. ಏನು ಬರೆದೆ ಅನ್ನುವುದು ಮರೆತುಹೋಗದಿರಲಿ ಎಂದು ಒಂದು ನೋಟ್‌ಬುಕ್ಕಿನಲ್ಲೂ ಗುರುತು ಹಾಕಿಕೊಂಡು, ಕೊನೆಗೊಂದು ಗೆರೆ ಎಳೆದು, ಎರಡು ವರ್ಷ ಆದಮೇಲೆ ನೀನೇ ಬಂದು ಇಲ್ಲಿ ಬರೀಬೇಕು ಎಂದು ಅಕ್ಕನಿಗೆ ತಾಕೀತು ಮಾಡಿದ್ದಳು. ಅಕ್ಕ ಆಯ್ತು ಎಂದು ಅವಳ ಕೆನ್ನೆ ಹಿಂಡಿ ಹೋದಳು.

ಬರಲೇ ಇಲ್ಲ. ಓಡಿಹೋದಳು, ಮರೆತುಬಿಟ್ಟಳು ಎಂದೆಲ್ಲ ಯಾರೂ ಅಂದುಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ಹೋಟೆಲಿನವರು ಟಿಕೆಟು ಕೊಡುತ್ತಿದ್ದರು, ಬೇಡವಾದರೆ ಅದರ ದುಡ್ಡು. ಅಕ್ಕ ಪ್ರತಿ ಸಲವೂ ದುಡ್ಡೇ ತೆಗೆದುಕೊಂಡಳು, ತೆಗೆದುಕೊಂಡ ವಾರವೇ ಮನೆಗೆ ಕಳಿಸಿದಳು. ಒಂದು ಟಿಕೆಟು ಅಮ್ಮನ ಕಣ್ಣಿಗೆ ಹೋಯಿತು. ಒಂದು ಮನೆಯ ಚಾವಣಿಗೆ. ಒಂದು ಪೆನ್ನಮ್ಮನ ಮದುವೆಗೆ, ಮತ್ತೊಂದು ಅವಳ ಗಂಡನ ಬೀಗ ರಿಪೇರಿ ಅಂಗಡಿಗೆ ಬೇಕಾದ ಕೀಲಿ ಕೊರೆಯುವ ಯಂತ್ರಕ್ಕೆ. ಅಮ್ಮ ತೀರಿಕೊಂಡಾಗಲೂ ಟಿಕೆಟಿನ ದುಡ್ಡೇ ಬಂತು, ಅಕ್ಕ ಬರಲಿಲ್ಲ. ಹೀಗೆ ಹದಿಮೂರು ಟಿಕೆಟು. ಯಾರ್ಯಾರೋ ಬಂದು 'ಬಂದೆ' ಎಂದು ಬರೆದು ಟೀ ಕುಡಿದು ಹೋಗುವಾಗ, ಆ ಮೊದಲ ಸಾಲು ಪೆನ್ನಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ತನ್ನ ಸಂಸಾರ ನಿಂತಿರುವುದೇ ಅಕ್ಕ ಹತ್ತದ ವಿಮಾನಗಳ ಮೇಲೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತಾರನೇ ವರ್ಷ, ಒಂದು ತಿಂಗಳ ಎರಡನೇ ತಾರೀಖು ಅಲ್ಲಿಂದ ಫೋನು ಬಂತು. ಒದ್ದೆ ನೆಲದ ಮೇಲೆ ಜಾರಿ ಬಿದ್ದು ಅಕ್ಕನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಿದ್ದರು. ಇನ್ನು ನಿಂತು ಮಾಡುವ ಕೆಲಸ ಆಗದು ಎಂದು ಹೋಟೆಲಿನವರು ತಿಂಗಳ ಕೊನೆಗೆ ಕೆಲಸ ಮುಗಿಸುತ್ತಿದ್ದರು. ಕೆಲಸದ ಜೊತೆಗೇ ಆ ದೇಶದಲ್ಲಿರುವ ಪರವಾನಗಿಯೂ ಮೂವತ್ತಕ್ಕೆ ಮುಗಿಯುತ್ತಿತ್ತು. ಅದಾದ ಮೇಲೆ ದಿನಕ್ಕಿಷ್ಟು ಎಂದು ದಂಡ, ದಂಡ ಕಟ್ಟುವ ತನಕ ದೇಶ ಬಿಡುವ ಹಾಗಿಲ್ಲ. ಅದಕ್ಕಿಂತ ಮೊದಲೇ ಹೊರಡೋಣವೆಂದರೆ, ಮನೆಯವರು ಯಾರಾದರೂ ಬಂದು ಸಹಿ ಹಾಕಿ ಜೊತೆಯಲ್ಲಿ ಕರೆದುಕೊಂಡು ಹೋಗಬೇಕು, ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕನಿಗೆ ಮನೆಯವರು ಎಂದು ಇದ್ದವಳು ತಂಗಿ ಒಬ್ಬಳೇ.

ಅಂದು ಸಂಜೆ ಪೆನ್ನಮ್ಮ ತನ್ನದೇ ಫಾರಂ ತುಂಬಲು ಕೂತಳು. ಗಂಡ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಆರು ತಿಂಗಳ ಸ್ಟೇಟ್‌ಮೆಂಟು, ಆಸ್ಪತ್ರೆಯ ಪತ್ರ, ಇಲ್ಲಿ ವಾಪಸ್ ಬರಲು ಸಂಸಾರ ಇದೆ ಎಂಬುದಕ್ಕೆ ಗಂಡನ ಅಂಗಡಿಯ ಲೈಸೆನ್ಸು, ಎಲ್ಲವೂ ಅಚ್ಚುಕಟ್ಟು. ನಾಲ್ಕಕ್ಕೆ ಅರ್ಜಿ ಕೊಟ್ಟಳು. ಇವಳದ್ದು ಆಗದಿದ್ದರೆ ಊರಲ್ಲಿ ಇನ್ಯಾರದ್ದೂ ಆಗಲ್ಲ ಎಂದು ಝೆರಾಕ್ಸ್ ಅಂಗಡಿಯವನು ಬಂದ ಗಿರಾಕಿಗಳಿಗೆಲ್ಲ ಡಂಗುರ ಹೊಡೆದ.

ಹನ್ನೊಂದಕ್ಕೆ ಕವರು ಬಂತು. ತಿರಸ್ಕಾರ. ಒಳಗಿನ ಹಾಳೆಯಲ್ಲಿ ಒಂದು ಸಾಲಿಗೆ ಗುರುತು ಹಾಕಿದ್ದರು: ಅರ್ಜಿದಾರರು ಕೊಟ್ಟಿರುವ ಸಂಪರ್ಕದ ವಿವರ ನಂಬಲರ್ಹವಲ್ಲ.

ಪೆನ್ನಮ್ಮ ತನ್ನ ಅರ್ಜಿಯ ನಕಲು ತೆಗೆದು ಮೊದಲಿಂದ ನೋಡಿದಳು. ವಿಳಾಸ ಸರಿ, ಮನೆಯ ನಂಬರು ಸರಿ, ಫೋನು ನಂಬರಂತೂ ಹನ್ನೆರಡು ವರ್ಷದಿಂದ ಅದೇ. ಹಾಳೆಯ ಮೇಲೆ ಬೆರಳಾಡಿಸುತ್ತಾ ಫೋನು ನಂಬರಿನ ಹತ್ತಿರ ಬಂದವಳು ಅಲ್ಲೇ ನಿಂತಳು.

ಹನ್ನೆರಡು ವರ್ಷದ ಹಿಂದೆ ಫಾರಮುಗಳೆಲ್ಲ ಕಂಪ್ಯೂಟರಿಗೆ ಬಂದಾಗ ಪ್ರತಿ ಅರ್ಜಿಗೂ ಒಂದು ಮೊಬೈಲ್ ನಂಬರು ಬೇಕೇ ಬೇಕೆಂದಾಯಿತು. ಬರುವವರಲ್ಲಿ ಅರ್ಧ ಜನಕ್ಕೆ ಮೊಬೈಲೇ ಇಲ್ಲ, ಇದ್ದವರು ತಿಂಗಳಿಗೊಂದು ನಂಬರು ಬದಲಿಸುವವರು. ಅಯ್ಯೋ, ನಂದೇ ಹಾಕ್ತೀನಿ ಬಿಡಿ, ಅವರು ಕರೆದರೆ ನಾನು ನಿಮಗೆ ಹೇಳಿ ಕಳಿಸ್ತೀನಿ ಎಂದು ಪೆನ್ನಮ್ಮ ತನ್ನ ನಂಬರು ಹಾಕಲು ಶುರು ಮಾಡಿದಳು. ಯಾವ ಮನೆಯನ್ನೂ ಖಾಲಿ ಬಿಡಬಾರದಲ್ಲ! ಉಪಕಾರವೇ ಸರಿ. ಆದರೆ ಆ ಕಚೇರಿಯ ಕಂಪ್ಯೂಟರಿಗೆ ಉಪಕಾರ ಎಲ್ಲಿ ತಿಳಿಯಬೇಕು? ಅದರ ಕಣ್ಣಿಗೆ ಆರುನೂರು ಚಿಲ್ಲರೆ ಜನ ಒಂದೇ ಜೇಬಿನಲ್ಲಿ ಕೂತಿದ್ದರು, ಈಗ ಆ ಜೇಬಿನ ಒಡತಿಯೇ ವೀಸಾ ಕೇಳುತ್ತಿದ್ದಳು.

ಝೆರಾಕ್ಸ್ ಅಂಗಡಿಯವನು ನಗು ತಡೆಯಲಾರದೆ ನಕ್ಕು, ಆಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಹೊಸ ಸಿಮ್ ಕೊಂಡುಬಿಡಿ, ಎರಡು ನಿಮಿಷದ ಕೆಲಸ ಎಂದ. ಗಂಡ, ನನ್ನ ನಂಬರು ಹಾಕು, ಅದರಲ್ಲೇನು ಸುಳ್ಳಿದೆ ಎಂದ. ಸುಳ್ಳಿಲ್ಲ, ನಿಜ. ಆದರೆ ಪೆನ್ನಮ್ಮ ಒಪ್ಪಲಿಲ್ಲ.

"ವಾರದ ಹಿಂದೆ ಒಂದು ನಂಬರು, ಈಗ ಇನ್ನೊಂದು ನಂಬರು ಅಂದ್ರೆ ಬಚ್ಚಿಡ್ತಿದಾಳೆ ಅಂತಾರೆ. ನಾನು ಬಚ್ಚಿಡೋಕೆ ಏನು ಮಾಡಿದೀನಿ? ಅದೇ ನಂಬರು ಹಾಕ್ತೀನಿ. ಯಾಕೆ ಅಂತಾನೂ ಹೇಳ್ತೀನಿ," ಎಂದಳು.

"ಇನ್ನೊಂದು ಸಲ ಬೇಡ ಅಂದ್ರೆ?" ಗಂಡ ಕೇಳಿದ.

"ಅಂದ್ರೆ ಮೂರನೇ ಸಲ ಹಾಕ್ತೀನಿ. ಮೂವತ್ತರ ತನಕ ದಿನ ಇದೆ."

ಬಡಪೆಟ್ಟಿಗೆ ಬಗ್ಗುವ ಪೈಕಿಯಲ್ಲ ಅವಳು. ಹನ್ನೆರಡಕ್ಕೆ ಹೊಸ ಅರ್ಜಿ. ಫಾರಮಿನ ತೀರಾ ಕೊನೆಯಲ್ಲಿ 'ಇನ್ನೇನಾದರೂ ಹೇಳುವುದಿದ್ದರೆ' ಎಂದು ಒಂದು ದೊಡ್ಡ ಮನೆ ಇರುತ್ತದೆ. ಇಷ್ಟು ವರ್ಷ ಎರಡು ಸಾವಿರ ಜನಕ್ಕೆ ಅವಳು ಅಲ್ಲಿ 'ಇಲ್ಲ' ಎಂದೇ ಬರೆದಿದ್ದಳು, ಬರೆಯಹೋದವರ ಕೈ ಹಿಡಿದು ನಿಲ್ಲಿಸಿದ್ದಳು. ಈಗ ಅದೇ ಮನೆಯಲ್ಲಿ ತಾನು ಯಾರು, ಎಲ್ಲಿ ಕೂರುತ್ತೇನೆ, ಈ ನಂಬರು ಯಾರ್ಯಾರ ಅರ್ಜಿಯಲ್ಲಿ ಯಾಕಿದೆ ಎಂದು ಸುತ್ತಿ ಬಳಸದೆ ಬರೆದಳು. ನಿಮ್ಮ ಕಿಟಕಿಯಿಂದ ಬಗ್ಗಿ ನೋಡಿದರೆ ನನ್ನ ಮೇಜು ಕಾಣುತ್ತದೆ, ದಯವಿಟ್ಟು ಕರೆದು ಕೇಳಿ ಎಂದು ಮುಗಿಸಿದಳು. ಒಂದು ವಾರ ಫೋನು ಕೈಬಿಡಲಿಲ್ಲ. ಸ್ನಾನಕ್ಕೆ ಹೋದರೂ ಅದನ್ನು ಗಂಡನ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ ಹೋಗುತ್ತಿದ್ದಳು.

ಹತ್ತೊಂಬತ್ತಕ್ಕೆ ಸಂದರ್ಶನಕ್ಕೆ ಕರೆ ಬಂತು. ಪೆನ್ನಮ್ಮ ಏಳೂ ಪುಸ್ತಕಗಳನ್ನು ಒಂದು ಬಟ್ಟೆಯ ಚೀಲಕ್ಕೆ ತುಂಬಿಕೊಂಡು, ಮೇಲೆ ಸ್ಟೀಲ್ ಸ್ಕೇಲು ಇಟ್ಟುಕೊಂಡು ರಸ್ತೆ ದಾಟಿದಳು. ಇಪ್ಪತ್ತಾರು ವರ್ಷ ಎದುರಿಗೇ ಕೂತಿದ್ದರೂ ಆ ಕಟ್ಟಡದೊಳಗೆ ಗಾಜಿನ ಕಿಟಕಿಯ ತನಕ ಹೋದದ್ದು ಅದೇ ಮೊದಲು. ಕಿಟಕಿಯಾಚೆ ಕನ್ನಡಕ ಹಾಕಿದ ಅಧಿಕಾರಿಣಿ. ನಗುವೂ ಇಲ್ಲ, ಸಿಡುಕೂ ಇಲ್ಲ.

ಈ ನಂಬರು ಎಷ್ಟು ಅರ್ಜಿಯಲ್ಲಿದೆ ಗೊತ್ತಾ ಎಂದು ಆಕೆ ಕೇಳಿದಳು. ಆರುನೂರ ಹನ್ನೆರಡು ಎಂದಳು ಪೆನ್ನಮ್ಮ. ಆಕೆ ಪರದೆ ನೋಡಿ, ಇಲ್ಲಿ ಆರುನೂರ ಒಂಬತ್ತಿದೆಯಲ್ಲ ಎಂದಳು. ಮೂರು ಜನ ಫಾರಂ ತುಂಬಿಸಿಕೊಂಡು ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದರು, ಆ ಸಾಲುಗಳನ್ನು ಹೊಡೆದುಹಾಕಿದೀನಿ ಎಂದು ಪೆನ್ನಮ್ಮ ಪುಸ್ತಕ ತೆಗೆದಳು. ಆಕೆಯ ಹುಬ್ಬು ಒಂದಿಷ್ಟು ಮೇಲೆ ಹೋಯಿತು.

ಹಾಗಾದರೆ ನೀವು ಏಜೆಂಟಾ ಎಂದು ಆಕೆ ಕೇಳಿದಳು. ವೀಸಾ ಕೊಡಿಸ್ತೀನಿ ಅಂತ ದುಡ್ಡು ತಗೊಳ್ಳೋನು ಏಜೆಂಟು, ನಾನು ಬರೆದು ಕೊಡ್ತೀನಿ ಅಷ್ಟೆ, ಕೊಡೋದು ಬಿಡೋದು ನಿಮ್ಮ ಕೈಲಿದೆ ಎಂದಳು ಪೆನ್ನಮ್ಮ. ಪುಸ್ತಕಗಳನ್ನು ಇಲ್ಲೇ ಬಿಟ್ಟು ಹೋಗಿ, ನೋಡಿ ಹೇಳುತ್ತೇವೆ ಎಂದಳು ಆಕೆ.

ಪೆನ್ನಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೊಟ್ಟರೆ ಕೆಲಸ ಆದೀತು. ಆದರೆ ಆ ಸಾಲುಗಳಲ್ಲಿರುವವರು ತಮ್ಮ ಹೆಸರು, ತಾರೀಖು ಕೊಟ್ಟದ್ದು ಅವಳನ್ನು ನಂಬಿ. ಈ ಕಿಟಕಿಯನ್ನು ನಂಬಿ ಅಲ್ಲ.

"ಬಿಡಕ್ಕಾಗಲ್ಲ ಮೇಡಂ. ಇದು ಅವರದ್ದು, ನನ್ನದಲ್ಲ. ಕೊನೇ ಮನೆ ತೋರಿಸ್ತೀನಿ, ಎಷ್ಟು ಹೊತ್ತು ಬೇಕಾದ್ರೂ ನೋಡಿ," ಎಂದಳು.

ಹೆಸರುಗಳ ಮೇಲೆ ಸ್ಕೇಲು ಅಡ್ಡ ಇಟ್ಟು, ಒಂದೊಂದೇ ಹಾಳೆ ತಿರುವಿ ಗಾಜಿಗೆ ಹಿಡಿದಳು. ಬಂದೆ, ಬಂದೆ, ಬಂದೆ. ಒಬ್ಬೊಬ್ಬರದು ಒಂದೊಂದು ಅಕ್ಷರ, ಕೆಲವರದು ನಡುಗುವ ಕೈ, ಕೆಲವರದು ಹೆಬ್ಬೆಟ್ಟು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಪೆನ್ನಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಬರೆಯದೆ ಇರುವವರು ಎಷ್ಟು ಜನ ಎಂದು ಆಕೆ ಕೇಳಿದಳು.

"ನಲವತ್ತಮೂರು. ಅದರಲ್ಲಿ ಎಷ್ಟೋ ಜನ ಬಂದಿರ್ತಾರೆ, ನನ್ನ ಹತ್ರ ಬಂದು ಬರೆದಿಲ್ಲ. ಅವರ ವಿಷಯ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳಲ್ಲ. ಬರಲೇ ಇಲ್ಲ ಅಂತ ಖಂಡಿತ ಗೊತ್ತಿರೋದು ಒಬ್ಬಳೇ."

ಎಲ್ಲ ಪುಸ್ತಕಗಳ ಅಡಿಯಲ್ಲಿದ್ದ, ಮೂಲೆ ಸವೆದ ನೋಟ್‌ಬುಕ್ಕು ತೆಗೆದು ಮೊದಲ ಹಾಳೆ ಗಾಜಿಗೆ ಹಿಡಿದಳು. ಆ ಸಾಲಿನ ಮೇಲೆ ಮಾತ್ರ ಸ್ಕೇಲು ಇಡಲಿಲ್ಲ.

"ನಮ್ಮಕ್ಕ. ನಾನು ತುಂಬಿದ ಮೊದಲನೇ ಫಾರಂ. ಎರಡು ವರ್ಷಕ್ಕೆ ಅಂತ ಹೋದೋಳು, ನನಗೋಸ್ಕರ ಇಪ್ಪತ್ತಾರು ವರ್ಷ ಬರಲಿಲ್ಲ. ಇವಳನ್ನ ಕರ್ಕೊಂಡು ಬಂದು ಇಲ್ಲಿ ಬರೆಸಬೇಕು ಮೇಡಂ. ನನಗೆ ನಿಮ್ಮ ದೇಶದಲ್ಲಿ ಬೇರೆ ಕೆಲಸ ಇಲ್ಲ."

ಆಕೆ ಆ ಖಾಲಿ ಮನೆಯನ್ನು ಸ್ವಲ್ಪ ಹೊತ್ತು ನೋಡಿದಳು. ಏನೋ ಟೈಪು ಮಾಡಿದಳು. ಇನ್ನು ಮೇಲೆ ಬೇರೆಯವರ ಅರ್ಜಿಯಲ್ಲಿ ನಿಮ್ಮ ನಂಬರು ಹಾಕಬೇಡಿ, ಫಾರಂ ತುಂಬಲು ಸಹಾಯ ಮಾಡಿದವರು ಯಾರು ಎಂದು ಕೇಳುವ ಮನೆ ಬೇರೆಯೇ ಇದೆ, ಅಲ್ಲಿ ಹಾಕಿ ಎಂದಳು. ಪೆನ್ನಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಮನೆ ಅವಳಿಗೆ ಗೊತ್ತಿತ್ತು. ನನ್ನದೇನು ದೊಡ್ಡಸ್ತಿಕೆ ಎಂದು ಅಲ್ಲಿ ಯಾವತ್ತೂ 'ಇಲ್ಲ' ಎಂದೇ ಬರೆಯುತ್ತಿದ್ದಳು.

ಇಪ್ಪತ್ತನಾಲ್ಕಕ್ಕೆ ವೀಸಾ ಬಂತು, ಹತ್ತು ದಿನದ್ದು. ಇಪ್ಪತ್ತಾರಕ್ಕೆ ವಿಮಾನ. ದುಡ್ಡು ಮೂರು ಕಡೆ ಹಂಚಿಟ್ಟುಕೊಂಡಳು. ಮೂರನೆಯದು ಎಲ್ಲಿಟ್ಟೆ ಎಂದು ಇಳಿಯುವ ತನಕ ನೆನಪಾಗಲಿಲ್ಲ, ಆ ಮಾತು ಬಿಡಿ. ನಿಲ್ದಾಣದಲ್ಲಿ ಮೊದಲ ದಿನದ ಟ್ಯಾಕ್ಸಿಗೆ ಬೇಕಾದಷ್ಟೇ ಬದಲಿಸಿದಳು. ಕಾರ್ಡಿನ ಮಿಷನ್ನು ಪ್ರೀತಿಯಿಂದ ಕೇಳಿದಾಗ ಬೆರಳು ಒಂದು ಕ್ಷಣ ತಪ್ಪು ಗುಂಡಿಯ ಮೇಲೆ ಆಡಿ ಸರಿಯಾದದ್ದಕ್ಕೆ ಬಂತು.

ಆಸ್ಪತ್ರೆಯ ಆರು ಮಂಚದ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ತಲೆಯೆಲ್ಲ ನರೆತ ಒಬ್ಬ ಸಣ್ಣ ಹೆಂಗಸು ಕೂತಿದ್ದಳು. ಬಿಸಿನೀರು, ಸೋಡಾಪುಡಿಯಲ್ಲಿ ಬೆಂದು ಕೈಬೆರಳೆಲ್ಲ ಬೆಳ್ಳಗೆ ಸುಲಿದಿದ್ದವು. ಪೆನ್ನಮ್ಮ ಬಾಗಿಲಲ್ಲೇ ನಿಂತು ಅತ್ತಳು. ಅಕ್ಕ ಅಳಲಿಲ್ಲ. ತಂಗಿಯನ್ನು ತಲೆಯಿಂದ ಕಾಲಿನ ತನಕ ನೋಡಿ ಮೊದಲು ಕೇಳಿದ್ದು ಇದನ್ನು:

"ಟಿಕೆಟ್ಟಿಗೆ ಎಷ್ಟಾಯ್ತೇ?"

"ನಿಂದು ಹದಿಮೂರು ಟಿಕೆಟ್ಟು ನನ್ನ ಹತ್ರ ಇತ್ತಲ್ಲ. ಅದರಲ್ಲೇ ಬಂದೆ," ಎಂದಳು ಪೆನ್ನಮ್ಮ.

ಅಕ್ಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಮೂರು ದಿನ ಕಾಗದಪತ್ರ, ಸಹಿ, ಮುದ್ರೆ. ಅಕ್ಕ ಎರಡು ಸಲ ತಕರಾರು ತೆಗೆದಳು. ಕುಂಟುವವಳು ನಿನಗೆ ಹೊರೆ, ಇಲ್ಲೇ ಕೂತು ಮಾಡುವ ಕೆಲಸ ಯಾವುದಾದರೂ ಸಿಕ್ಕೀತು, ದಂಡ ಎಷ್ಟಾಗಬಹುದು ಎಂದು ಬೆರಳು ಮಡಚಿ ಲೆಕ್ಕ ಹಾಕಲೂ ಶುರು ಮಾಡಿದಳು. ಪೆನ್ನಮ್ಮ ಆ ಬೆರಳುಗಳನ್ನು ಹಿಡಿದುಕೊಂಡು, ಫಾರಂ ತುಂಬೋದು ನನ್ನ ಕೆಲಸ, ಸಹಿ ಮಾತ್ರ ನಿಂದು ಎಂದು ಹಾಳೆ ಮುಂದೆ ಹಿಡಿದಳು. ಇಪ್ಪತ್ತೊಂಬತ್ತಕ್ಕೆ, ಪರವಾನಗಿಯಲ್ಲಿ ಇನ್ನೂ ಒಂದು ದಿನ ಬಾಕಿ ಇರುವಾಗ, ಗಾಲಿಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ವಿಮಾನ ಹತ್ತಿದಳು.

ಮನೆಯಲ್ಲಿ ಒಂದು ವಾರ ಮಲಗಿ ಎದ್ದ ಮೇಲೆ ಅಕ್ಕ ನಿನ್ನ ಅಂಗಡಿ ನೋಡಬೇಕು ಎಂದಳು. ಊರುಗೋಲು ಹಿಡಿದವಳ ಒಂದು ಕಡೆ ತಂಗಿಯ ಗಂಡ, ಇನ್ನೊಂದು ಕಡೆ ತಂಗಿ. ಝೆರಾಕ್ಸ್ ಅಂಗಡಿಯವನು ಮಿಷನ್ನು ನಿಲ್ಲಿಸಿ ಕುರ್ಚಿ ತಂದ. ಪೆನ್ನಮ್ಮ ಮೂಲೆ ಸವೆದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು, ಆಮೇಲೆ ಎಂದಿನಂತೆ ಪೆನ್ನಿಗಾಗಿ ಮೇಜೆಲ್ಲ ತಡಕಾಡಿದಳು. ಅಕ್ಕ ಕೈಚಾಚಿ ತಂಗಿಯ ತುರುಬಿನಿಂದ ಪೆನ್ನು ಎಳೆದುಕೊಂಡಳು.

ಸುಲಿದ ಬೆರಳುಗಳಿಗೆ ಪೆನ್ನಿನ ಅಭ್ಯಾಸ ತಪ್ಪಿತ್ತು. ಎರಡೇ ಅಕ್ಷರ ಬರೆಯಲು ಬಹಳ ಹೊತ್ತು ಹಿಡಿಯಿತು. ಬಂದೆ. ಬರೆದು, ತಾನೇ ಒಂದು ಸಲ ಬೆರಳಿಟ್ಟು ಓದಿಕೊಂಡು, ತಲೆಯೆತ್ತಿ ಕೇಳಿದಳು.

"ತಾರೀಖೂ ಹಾಕ್ಬೇಕಾ?"

"ಹಾಕಕ್ಕ," ಎಂದಳು ಪೆನ್ನಮ್ಮ. "ಖಾಲಿ ಬಿಡೋ ಹಾಗಿಲ್ಲ."

ಝೆರಾಕ್ಸ್ ಅಂಗಡಿಯವನು ಟೀ ತರಲು ಹೋದ.